ಸೇವಂತಿಗೆ ತೋಟದ ಬಲ್ಬು, ನಮ್ಮ ಮನೆಯ ಫ್ಲಾಕ್ಸ್

ಚಿಕ್ಕಬಳ್ಳಾಪುರದಿಂದ ಶಿಡ್ಲಘಟ್ಟದ ಕಡೆಗೆ ರಾತ್ರಿ ಹೊತ್ತು ಬಸ್ಸಿನಲ್ಲಿ ಹೋದವರು ಇದನ್ನು ನೋಡಿರುತ್ತೀರಿ. ಸುತ್ತ ಕಗ್ಗತ್ತಲೆ. ನಡುವೆ ಒಂದು ಹೊಲ ಮಾತ್ರ ಮದುವೆ ಮನೆ ಹಾಗೆ ಝಗಮಗ. ಸಾಲು ಸಾಲು ಬಲ್ಬು, ಕೆಳಗೆ ಮೊಣಕಾಲೆತ್ತರದ ಹಸಿರು. ಅದು ಸೇವಂತಿಗೆ ತೋಟ. ಬಲ್ಬು ಹಾಕಿರೋದು ಕಳ್ಳರ ಭಯಕ್ಕಲ್ಲ, ಚೆಂದಕ್ಕೂ ಅಲ್ಲ. ‘ಇನ್ನೂ ರಾತ್ರಿ ಆಗಿಲ್ಲ’ ಅಂತ ಗಿಡಕ್ಕೆ ಸುಳ್ಳು ಹೇಳೋದಕ್ಕೆ.

ಫ್ಲಾಕ್ಸ್ ಬಗ್ಗೆ ಬರೆಯಲು ಕೂತು ಸೇವಂತಿಗೆಯಿಂದ ಶುರು ಮಾಡಿದ್ದಕ್ಕೆ ಕಾರಣ ಇದೆ. ನಮ್ಮ ಮನೆ ಮುಂದೆ ಬಹುವಾರ್ಷಿಕ ಫ್ಲಾಕ್ಸ್ ಬೆಳೆಸಲು ಎರಡು ವರ್ಷ ಒದ್ದಾಡಿದೆ. ಗೊಬ್ಬರ ಬದಲಿಸಿದೆ, ಕುಂಡ ಬದಲಿಸಿದೆ, ನೀರು ಬದಲಿಸಿದೆ. ಗಿಡ ಬದುಕಿತ್ತು, ಹೂ ಮಾತ್ರ ಇಲ್ಲ. ಕೊನೆಗೆ ಗುಟ್ಟು ಗೊತ್ತಾಗಿದ್ದು ಆ ಬಲ್ಬುಗಳಿಂದ. ಗೊಬ್ಬರಕ್ಕಿಂತ ಜಾಸ್ತಿ ನಮ್ಮ ಊರಿನ ರಾತ್ರಿ ಎಷ್ಟು ಉದ್ದ, ಚಳಿ ಎಷ್ಟು ಅನ್ನೋದನ್ನು ಈ ಗಿಡ ಗಮನಿಸುತ್ತದೆ. ಅದು ತಿಳಿದರೆ ಉಳಿದ ಆರೈಕೆ ಕಷ್ಟವಲ್ಲ.

ಯಾವ ಫ್ಲಾಕ್ಸ್ ಅಂತ ಮೊದಲು ಗೊತ್ತಿರಲಿ

ಫ್ಲಾಕ್ಸ್ ಅಂದರೆ ಒಂದೇ ಗಿಡ ಅಲ್ಲ. 60ಕ್ಕೂ ಹೆಚ್ಚು ಜಾತಿಗಳಿವೆ. ಹೆಚ್ಚೂಕಡಿಮೆ ಎಲ್ಲವೂ ಉತ್ತರ ಅಮೆರಿಕದವು. ಗ್ರೀಕ್ ಭಾಷೆಯಲ್ಲಿ ಈ ಹೆಸರಿಗೆ ಜ್ವಾಲೆ ಅಂತ ಅರ್ಥ. ನಮ್ಮ ಕಡೆ ತೋಟದವರ ಬಾಯಲ್ಲಿ ಬರುವುದು ಮೂರು.

ಒಂದು, ಎಲ್ಲ ನರ್ಸರಿಯಲ್ಲೂ ಸಿಗುವ ಒಂದು ಸೀಸನ್ನಿನ ಫ್ಲಾಕ್ಸ್. ಫ್ಲಾಕ್ಸ್ ಡ್ರಮಂಡೈ ಅಂತ ಹೆಸರು. ಇದರ ತವರು ಅಮೆರಿಕದ ಟೆಕ್ಸಸ್. ಥಾಮಸ್ ಡ್ರಮಂಡ್ ಅನ್ನುವ ಸ್ಕಾಟ್ಲೆಂಡಿನ ಸಸ್ಯ ಸಂಗ್ರಾಹಕ ಅಲ್ಲಿಂದ ಬೀಜ ಕಳಿಸಿ, 1835ರಲ್ಲಿ ಕ್ಯೂಬಾದಲ್ಲಿ ತೀರಿಕೊಂಡ. ಹೂವಿಗೆ ಅವನ ಹೆಸರೇ ಉಳಿಯಿತು. ಒಂದು ಗೇಣಿನಿಂದ ಒಂದೂವರೆ ಅಡಿ ಎತ್ತರ. ಚಳಿಗಾಲಕ್ಕೆ ಹೂ ಬಿಟ್ಟು, ಬೇಸಿಗೆ ಬಂದರೆ ಒಣಗಿ ಹೋಗುತ್ತದೆ.

ಎರಡು, ನಿಜವಾದ ಬಹುವಾರ್ಷಿಕ, ಫ್ಲಾಕ್ಸ್ ಪ್ಯಾನಿಕುಲೇಟಾ. ಪೂರ್ವ ಅಮೆರಿಕದ ಹೊಳೆದಂಡೆ, ಕಾಡಿನಂಚು ಇದರ ಜಾಗ. ಎರಡರಿಂದ ನಾಲ್ಕು ಅಡಿ ನೆಟ್ಟಗೆ ಬೆಳೆದು ತುದಿಯಲ್ಲಿ ದೊಡ್ಡ ಹೂಗೊಂಚಲು ಬಿಡುತ್ತದೆ. ಅಲ್ಲಿಯ ಚಳಿಗಾಲದಲ್ಲಿ ಮೇಲಿನದೆಲ್ಲ ಸತ್ತು, ಬೇರು ಬುಡ ಮಣ್ಣಿನೊಳಗೆ ಮಲಗಿದ್ದು, ವಸಂತದಲ್ಲಿ ಮತ್ತೆ ಚಿಗುರುತ್ತದೆ. ಈ ಲೇಖನದ ನಾಯಕ ಇವನೇ.

ಮೂರು, ನೆಲಕ್ಕೆ ಚಾಪೆ ಹಾಸಿದ ಹಾಗೆ ಹರಡುವ ಫ್ಲಾಕ್ಸ್ ಸುಬುಲೇಟಾ. ಜಪಾನಿನ ಗುಲಾಬಿ ಗುಡ್ಡಗಳ ಫೋಟೊ ಮೊಬೈಲಿನಲ್ಲಿ ಬರುತ್ತಲ್ಲ, ಅದು. ನಮ್ಮ ಬಯಲಿಗೆ ಇದನ್ನು ಮರೆತುಬಿಡಿ. ತಂಪು ನಾಡಿನ ಗಿಡ.

ಮೊದಲನೇ ವರ್ಷ ನಾನು ಮೋಸ ಹೋಗಿದ್ದೇ ಇಲ್ಲಿ. ಆನ್‌ಲೈನ್‌ನಲ್ಲಿ ‘ಪೆರೆನಿಯಲ್ ಫ್ಲಾಕ್ಸ್, ಮಿಶ್ರ ಬಣ್ಣ’ ಅಂತ ಬೀಜದ ಪ್ಯಾಕೆಟ್ ತರಿಸಿದೆ. ಹೆಸರು ಬೇಡ ಬಿಡಿ. ಸಸಿ ಚೆನ್ನಾಗಿಯೇ ಬಂತು, ಹೂವೂ ಬಂತು. ಬೀದಿಯವರಿಗೆಲ್ಲ ‘ಇದು ವರ್ಷಾ ವರ್ಷಾ ಬರುತ್ತೆ’ ಅಂತ ಹೇಳಿಕೊಂಡು ಓಡಾಡಿದೆ. ಮಾರ್ಚ್ ಮುಗಿಯುವಷ್ಟರಲ್ಲಿ ಎಲ್ಲ ಗಿಡ ಹುಲ್ಲಿನ ಬಣ್ಣಕ್ಕೆ ತಿರುಗಿತು. ಬುಡಕ್ಕೆ ಮೇ ತಿಂಗಳವರೆಗೂ ನೀರು ಹಾಕಿದೆ ಅಂದರೆ ನಂಬುತ್ತೀರಾ? ಪ್ಯಾಕೆಟ್‌ನಲ್ಲಿ ಇದ್ದಿದ್ದು ಡ್ರಮಂಡೈ.

ಗಿಡ ನೋಡಿ ಗುರುತು ಹಿಡಿಯೋದು ಸುಲಭ. ಕಾಂಡವನ್ನು ಎರಡು ಬೆರಳಲ್ಲಿ ಹಿಡಿದು ಮೇಲಕ್ಕೆ ಸವರಿ. ಸಣ್ಣ ರೋಮ ಸಿಕ್ಕಿ ಬೆರಳಿಗೆ ಅಂಟು ಅಂಟಾದರೆ ಅದು ಒಂದು ಸೀಸನ್ನಿನದು. ಅದರ ಕೆಳಗಿನ ಎಲೆಗಳು ಎದುರುಬದುರು ಇದ್ದರೂ ಮೇಲಿನವು ಒಂದು ಇತ್ತ, ಒಂದು ಅತ್ತ ಇರುತ್ತವೆ. ಬಹುವಾರ್ಷಿಕದಲ್ಲಿ ಎಲೆ ಕೊನೆಯವರೆಗೂ ಜೋಡಿ ಜೋಡಿ. ಮಾವಿನೆಲೆಯನ್ನು ಚಿಕ್ಕದು ಮಾಡಿದ ಹಾಗೆ ಉದ್ದ, ಚೂಪು. ಎಲೆ ತಿರುಗಿಸಿ ನೋಡಿದರೆ ಪಕ್ಕದ ನರಗಳು ಅಂಚಿನ ಹತ್ತಿರ ಬಾಗಿ ಒಂದಕ್ಕೊಂದು ಸೇರಿಕೊಂಡಿರುತ್ತವೆ. ನಿತ್ಯಪುಷ್ಪವನ್ನೇ ಫ್ಲಾಕ್ಸ್ ಅಂತ ತಿಳಿದವರನ್ನೂ ನೋಡಿದ್ದೇನೆ. ಅದರ ಎಲೆ ಹೊಳೆಯುತ್ತದೆ, ನಡುವೆ ಬೆಳ್ಳಗಿನ ನರ ಎದ್ದು ಕಾಣುತ್ತದೆ.

ಚಳಿಯ ಲೆಕ್ಕ, ರಾತ್ರಿಯ ಲೆಕ್ಕ

ಎರಡನೇ ಸಲ ಬೀಜದ ಗೋಜಿಗೆ ಹೋಗದೆ ಬೇರು ಬುಡವನ್ನೇ ತರಿಸಿದೆ. ಬಹುವಾರ್ಷಿಕ ಫ್ಲಾಕ್ಸ್‌ಗೆ ಅದೇ ಸರಿಯಾದ ದಾರಿ. ಬೀಜ ಹುಟ್ಟುವುದು ಕಷ್ಟ, ಹುಟ್ಟಿದರೂ ತಾಯಿಯ ಬಣ್ಣ ಬರುವುದಿಲ್ಲ. ಮೂರು ಬುಡ ಬಂದವು. ಮೂರು ಕುಂಡಕ್ಕೆ ಹಾಕಿದೆ. ಚಿಗುರಿದವು. ಒಂದಡಿ ಬೆಳೆದು ಅಲ್ಲಿಗೇ ನಿಂತವು. ಒಂದು ವರ್ಷ ಪೂರ್ತಿ ಬರೀ ಎಲೆ.

ಈ ಗಿಡಕ್ಕೆ ಹೂ ಬಿಡಲು ಎರಡು ಸೂಚನೆ ಬೇಕು. ಮೊದಲನೆಯದು ಚಳಿ. 5 ಡಿಗ್ರಿ ಆಸುಪಾಸಿನ ಚಳಿಯಲ್ಲಿ ಹಲವು ವಾರ ಮಲಗಿ ಎದ್ದ ಬುಡ ಗಟ್ಟಿಯಾದ ಕಾಂಡ ಕಳಿಸುತ್ತದೆ, ಬೇಗ ಮತ್ತು ಜಾಸ್ತಿ ಹೂ ಬಿಡುತ್ತದೆ. ನಮ್ಮಲ್ಲಿ ಡಿಸೆಂಬರ್, ಜನವರಿಯಲ್ಲಿ ಬೆಳಗಿನ ಜಾವ ಸ್ವೆಟರ್ ಹಾಕಿಕೊಂಡೇ ಹಾಲು ತರಲು ಹೋಗುತ್ತೇವೆ, ನಿಜ. ಆದರೂ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ಸಾಮಾನ್ಯ ಚಳಿ ಅಂದರೆ 13ರಿಂದ 16 ಡಿಗ್ರಿ. ಮಧ್ಯಾಹ್ನಕ್ಕೆ ಮತ್ತೆ 27, 28. ನಮಗೆ ಅದು ಚಳಿ. ಫ್ಲಾಕ್ಸ್‌ಗೆ ಅದು ಹಿತವಾದ ಸಂಜೆ. ಅದು ಮಲಗುವುದೇ ಇಲ್ಲ. ನಿದ್ದೆಗೆಟ್ಟವರ ಹಾಗೆ ತೂಕಡಿಸುತ್ತಾ ಇರುತ್ತದೆ.

ಎರಡನೆಯ ಸೂಚನೆ ರಾತ್ರಿಯದು. 1920ರಲ್ಲಿ ಅಮೆರಿಕದ ಕೃಷಿ ಇಲಾಖೆಯ ಗಾರ್ನರ್ ಮತ್ತು ಅಲಾರ್ಡ್ ಅನ್ನುವ ಇಬ್ಬರು ವಿಜ್ಞಾನಿಗಳು ಹೊಗೆಸೊಪ್ಪು ಮತ್ತು ಸೋಯಾ ಗಿಡಗಳ ಮೇಲೆ ಪ್ರಯೋಗ ಮಾಡಿ, ಹಗಲು ಎಷ್ಟು ಉದ್ದ ಅನ್ನೋದರ ಮೇಲೆ ಗಿಡ ಹೂ ಬಿಡುವ ಕಾಲ ನಿಲ್ಲುತ್ತದೆ ಅಂತ ತೋರಿಸಿದರು. ಆಮೇಲೆ ಗೊತ್ತಾದದ್ದು ಇನ್ನೂ ಸ್ವಾರಸ್ಯ. ಗಿಡ ಅಳೆಯುವುದು ಹಗಲನ್ನಲ್ಲ, ಕತ್ತಲೆಯನ್ನು. ಎಲೆಯಲ್ಲಿರುವ ಒಂದು ವರ್ಣದ್ರವ್ಯ ಬೆಳಕಿದ್ದಾಗ ಒಂದು ರೂಪದಲ್ಲಿ ಇರುತ್ತದೆ, ಕತ್ತಲಾದರೆ ನಿಧಾನಕ್ಕೆ ಇನ್ನೊಂದು ರೂಪಕ್ಕೆ ತಿರುಗುತ್ತದೆ. ಮರಳು ಗಡಿಯಾರ ಅಂದುಕೊಳ್ಳಿ. ರಾತ್ರಿ ನಡುವೆ ಬೆಳಕು ಬಿದ್ದರೆ ಮರಳು ಮತ್ತೆ ಮೇಲಕ್ಕೆ ಹೋಗಿಬಿಡುತ್ತದೆ. ಒಂದು ಉದ್ದ ರಾತ್ರಿ ಎರಡು ಚಿಕ್ಕ ರಾತ್ರಿ ಆಗುತ್ತದೆ.

ನಮ್ಮ ಮೂರೂ ಜಿಲ್ಲೆ 13 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿವೆ. ಇಲ್ಲಿ ಜೂನ್ 21ರ ಹಗಲು ಕೂಡ 13 ಗಂಟೆ ಮುಟ್ಟುವುದಿಲ್ಲ, ಐದಾರು ನಿಮಿಷ ಕಡಿಮೆಯೇ. ಅಂದರೆ ವರ್ಷದ ಅತಿ ಚಿಕ್ಕ ರಾತ್ರಿಯೂ 11 ಗಂಟೆಗಿಂತ ಉದ್ದ. ಅದೇ ದಿನ ನ್ಯೂಯಾರ್ಕ್‌ನಲ್ಲಿ ಹಗಲು 15 ಗಂಟೆ, ಲಂಡನ್ನಿನಲ್ಲಿ ಹದಿನಾರೂವರೆ. ಸೇವಂತಿಗೆ ಉದ್ದ ರಾತ್ರಿ ಬಯಸುವ ಗಿಡ. ಆದ್ದರಿಂದ ನಮ್ಮಲ್ಲಿ ಅದಕ್ಕೆ ಹೂ ಬಿಡುವ ಆತುರ. ಕಾಂಡ ಬೆಳೆಯುವ ಮೊದಲೇ ಮೊಗ್ಗು ಹಾಕಿಬಿಡುತ್ತದೆ. ಅದನ್ನು ತಡೆಯಲು ರೈತರು ನಾಟಿ ಮಾಡಿದ ಮೊದಲ ಕೆಲವು ವಾರ ರಾತ್ರಿ ಬಲ್ಬು ಉರಿಸುತ್ತಾರೆ. ಗಿಡ ಬೇಕಾದಷ್ಟು ಬೆಳೆದ ಮೇಲೆ ಬಲ್ಬು ಬಂದ್. ಹಬ್ಬದ ಹೊತ್ತಿಗೆ ಹೂ ಮಾರ್ಕೆಟ್ಟಿಗೆ.

ಫ್ಲಾಕ್ಸ್ ಇದಕ್ಕೆ ತದ್ವಿರುದ್ಧ. 14 ಗಂಟೆ ಮತ್ತು ಮೇಲ್ಪಟ್ಟ ಹಗಲು ಕಂಡರೆ ಚೆನ್ನಾಗಿ ಹೂ ಬಿಡುವ ಗಿಡ. ಸೇವಂತಿಗೆಗೆ ನಮ್ಮ ನೆಲ ಯಾವ ಕಾರಣಕ್ಕೆ ಒಗ್ಗಿತೋ ಅದೇ ಕಾರಣಕ್ಕೆ ಫ್ಲಾಕ್ಸ್‌ಗೆ ಒಗ್ಗಲಿಲ್ಲ.

ನನಗೆ ಇದು ತಿಳಿದಿದ್ದು ಆಕಸ್ಮಿಕವಾಗಿ. ಮೂರು ಕುಂಡದಲ್ಲಿ ಒಂದು ಗೇಟಿನ ಪಕ್ಕ, ರಾತ್ರಿಯಿಡೀ ಉರಿಯುವ ಲೈಟಿನ ಕೆಳಗಿತ್ತು. ಎರಡನೇ ವರ್ಷ ಜೂನ್ ಕೊನೆಗೆ ಅದರ ತುದಿಯಲ್ಲಿ ಮಾತ್ರ ಸಾಸಿವೆ ಕಾಳಿನಷ್ಟು ಮೊಗ್ಗು. ಉಳಿದೆರಡು ಹಾಗೇ ಮಂಕಾಗಿ ನಿಂತಿದ್ದವು. ನಮ್ಮ ಬೀದಿಗೆ ಹೂ ತರುವ ಸೇವಂತಿಗೆ ರೈತರೊಬ್ಬರಿಗೆ ತೋರಿಸಿದೆ. ಅವರು ಕುಂಡ ನೋಡಿದರು, ತಲೆ ಎತ್ತಿ ಲೈಟ್ ನೋಡಿದರು, ನಕ್ಕರು.

‘ಅಲ್ಲಕ್ಕಾ, ನಮ್ಮ ಗಿಡಕ್ಕೆ ಹೂ ಬಿಡಬೇಡ ಅಂತ ನಾವು ಬಲ್ಬು ಹಾಕ್ತೀವಿ. ನಿಮ್ಮ ಗಿಡ ಬಲ್ಬು ನೋಡಿ ಹೂ ಬಿಡ್ತದಾ? ಉಲ್ಟಾ ಗಿಡ ಅನ್ನಿ.’

ಒಂದು ಕುಂಡದ ಕತೆಯನ್ನು ಪುರಾವೆ ಅಂತ ಹೇಳಲಾರೆ. ಆದರೆ ಮುಂದಿನ ವರ್ಷ ಮೂರೂ ಕುಂಡಕ್ಕೆ ಲೈಟ್ ಕೊಟ್ಟೆ. ಮೂರರಲ್ಲೂ ಹೂ ಬಂತು.

ನೀವು ಮಾಡುವುದಾದರೆ ಹೀಗೆ. ಏಪ್ರಿಲ್, ಮೇ ಹೊತ್ತಿಗೆ ಕಾಂಡ ಒಂದು ಗೇಣು ಬೆಳೆದ ಮೇಲೆ ಗಿಡದಿಂದ ಮೂರಡಿ ಮೇಲೆ ಒಂದು 9 ವ್ಯಾಟ್ ಎಲ್‌ಇಡಿ ಬಲ್ಬು ಸಾಕು. ರಾತ್ರಿಯಿಡೀ ಬೇಕಿಲ್ಲ. ಹತ್ತರಿಂದ ಎರಡು ಗಂಟೆವರೆಗೆ, ಅಂದರೆ ನಡುರಾತ್ರಿಯ ನಾಲ್ಕು ಗಂಟೆ. ಟೈಮರ್ ಇದ್ದರೆ ನಿಮ್ಮ ನಿದ್ದೆಯೂ ಉಳಿಯುತ್ತದೆ. ಮೊಗ್ಗು ಕಣ್ಣಿಗೆ ಕಾಣುವವರೆಗೂ ದಿನಾ ಮಾಡಬೇಕು. ಒಂದು ವಾರ ಮಾಡಿ ಬಿಟ್ಟರೆ ಪ್ರಯೋಜನ ಇಲ್ಲ.

ಚಳಿಗೆ ಏನು ಮಾಡೋದು? ನವೆಂಬರ್ ಕೊನೆಗೆ ಕಾಂಡವನ್ನೆಲ್ಲ ಬುಡದಿಂದ ಎರಡು ಬೆರಳು ಬಿಟ್ಟು ಕತ್ತರಿಸಿ. ಕುಂಡವನ್ನು ಮನೆಯ ಉತ್ತರ ಬದಿಗೆ, ಬಿಸಿಲು ಬೀಳದ ಕಡೆ ಇಡಿ. ನೀರು ಕಡಿಮೆ ಮಾಡಿ, ಮಣ್ಣು ಪೂರ್ತಿ ಒಣಗದಿದ್ದರೆ ಸಾಕು. ಇದು ಅರ್ಧ ನಿದ್ದೆ. ಪೂರ್ತಿ ನಿದ್ದೆ ಬೇಕು ಅಂದರೆ ಫ್ರಿಜ್. ಬುಡವನ್ನು ಕಿತ್ತು, ಮಣ್ಣು ಕೊಡವಿ, ಹಿಂಡಿದರೆ ನೀರು ತೊಟ್ಟಿಕ್ಕದಷ್ಟು ತೇವ ಇರುವ ತೆಂಗಿನ ನಾರಿನ ಪುಡಿಯಲ್ಲಿ ಸುತ್ತಿ, ತೂತು ಮಾಡಿದ ಕವರಿನಲ್ಲಿ ಹಾಕಿ ತರಕಾರಿ ಡಬ್ಬದಲ್ಲಿ ಎಂಟು ವಾರ ಇಡೋದು. ಸೇಬು, ಬಾಳೆಹಣ್ಣಿನ ಜೊತೆ ಬೇಡ. ಹಣ್ಣು ಬಿಡುವ ಎಥಿಲೀನ್ ಅನಿಲ ಮೊಳಕೆಯನ್ನು ಕೆಡಿಸುತ್ತದೆ. ನಮ್ಮತ್ತೆ ಒಂದು ದಿನ ಆ ಕವರ್ ಬಿಚ್ಚಿ, ಲಾವಂಚ ಅಂದುಕೊಂಡು ನೀರಿನ ಬಿಂದಿಗೆಗೆ ಹಾಕಲು ಹೊರಟಿದ್ದರು. ನೋಡೋಕೆ ಹಾಗೇ ಇರುತ್ತದೆ, ಅವರ ತಪ್ಪಲ್ಲ. ಈಗ ಕವರಿನ ಮೇಲೆ ದೊಡ್ಡದಾಗಿ ‘ಗಿಡ’ ಅಂತ ಬರೆದಿರುತ್ತೇನೆ.

ಮಣ್ಣು, ಬಿಸಿಲು, ಬೋರ್‌ವೆಲ್ ನೀರು

ಬಿಸಿಲಿನ ವಿಷಯದಲ್ಲಿ ತಂಪು ದೇಶದವರ ಸಲಹೆಯನ್ನು ಹಾಗೇ ನಂಬಬೇಡಿ. ಅಲ್ಲಿ ‘ಪೂರ್ತಿ ಬಿಸಿಲಲ್ಲಿಡಿ’ ಅನ್ನುತ್ತಾರೆ. ನಮ್ಮ ಏಪ್ರಿಲ್ ಬಿಸಿಲಿಗೆ ಅದರ ಎಲೆಯ ಅಂಚು ಹಪ್ಪಳದ ಹಾಗೆ ಸುಡುತ್ತದೆ. ಪೂರ್ವಕ್ಕೆ ಮುಖ ಮಾಡಿದ ಜಾಗ, ಬೆಳಗಿನಿಂದ ಹನ್ನೊಂದರವರೆಗೆ ಬಿಸಿಲು, ಆಮೇಲೆ ನುಗ್ಗೆ ಮರದಂಥ ತೆಳು ನೆರಳು. ಇದಾದರೆ ಸರಿ.

ನಮ್ಮ ಕೆಂಪು ಮಣ್ಣಿನಲ್ಲಿ ನೀರು ನಿಲ್ಲುವುದಿಲ್ಲ. ಈ ಗಿಡ ಹೊಳೆದಂಡೆಯದು, ಬೇರು ಒಣಗಿದರೆ ಸಹಿಸುವುದಿಲ್ಲ. ಹಾಗಂತ ನೀರು ನಿಂತರೂ ಕೊಳೆಯುತ್ತದೆ. ನಾನು ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಕೆರೆ ಗೋಡು, ಎರಡು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಪಾಲು ತೆಂಗಿನ ನಾರಿನ ಪುಡಿ, ಮೇಲೆ ಒಂದು ಹಿಡಿ ಬೇವಿನ ಹಿಂಡಿ ಹಾಕುತ್ತೇನೆ. ತಿಪಟೂರು, ಗುಬ್ಬಿ ಕಡೆಯವರಿಗೆ ನಾರಿನ ಪುಡಿ ಮನೆ ಬಾಗಿಲಲ್ಲೇ ಸಿಗುತ್ತದೆ. ಹಸಿ ಪುಡಿಯಲ್ಲಿ ಉಪ್ಪಿನಂಶ ಇರುತ್ತದೆ, ಎರಡು ಮೂರು ಸಲ ನೀರಲ್ಲಿ ನೆನೆಸಿ ತೊಳೆದೇ ಬಳಸಿ. ಕುಂಡ 12 ಇಂಚಿನದ್ದು ಬೇಕು. ಬುಡದ ಮೊಳಕೆಗಳು ಮಣ್ಣಿನಿಂದ ಒಂದು ಇಂಚು ಕೆಳಗಿರಲಿ. ನೆಲದಲ್ಲಾದರೆ ಗಿಡದಿಂದ ಗಿಡಕ್ಕೆ ಒಂದೂವರೆಯಿಂದ ಎರಡು ಅಡಿ. ಬುಡಕ್ಕೆ ಮುಚ್ಚಿಗೆ ಹಾಕಲು ರಾಗಿ ಹುಲ್ಲಿಗಿಂತ ಒಳ್ಳೆಯದು ಬೇರೆ ಬೇಕಾ?

ನಮ್ಮಲ್ಲಿ ದೊಡ್ಡ ತಲೆನೋವು ಬೋರ್‌ವೆಲ್ ನೀರು. ಬಕೆಟ್ಟಿನ ಅಂಚಿಗೆ ಬಿಳಿ ಪದರ ಕಟ್ಟುವ ನೀರನ್ನೇ ಗಿಡಕ್ಕೂ ಹಾಕುತ್ತೇವೆ. ವರ್ಷ ಕಳೆದರೆ ಕುಂಡದ ಮಣ್ಣೂ ಕ್ಷಾರದ ಕಡೆ ತಿರುಗುತ್ತದೆ. ಆಗ ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಗಿಡಕ್ಕೆ ಎಟಕುವುದಿಲ್ಲ. ಹೊಸ ಎಲೆ ಹಳದಿ, ನರ ಮಾತ್ರ ಹಸಿರು. ಇದು ಕಂಡರೆ ಯೂರಿಯಾ ಸುರಿಯಬೇಡಿ, ಅದು ಬೇರೆ ಕಾಯಿಲೆಯ ಮದ್ದು. ಸಾಧ್ಯವಾದಷ್ಟು ಮಳೆ ನೀರು ಹಿಡಿದಿಟ್ಟು ಹಾಕಿ, ಪ್ರತಿ ವರ್ಷ ಮೇಲ್ಮಣ್ಣು ಬದಲಿಸಿ, ತೀರಾ ಹಳದಿಯಾದರೆ ಗೊಬ್ಬರದ ಅಂಗಡಿಯಲ್ಲಿ ಸಿಗುವ ಚಿಲೇಟೆಡ್ ಕಬ್ಬಿಣ ಕೊಡಿ. ಯೂರಿಯಾ ಜಾಸ್ತಿ ಆದರೆ ಗಿಡ ಸೊಂಪಾಗಿ, ಮೆತ್ತಗೆ ಬೆಳೆದು, ಮೊದಲ ಗಾಳಿಗೇ ಬಾಗುತ್ತದೆ. ಬೂದಿ ರೋಗಕ್ಕೂ ಅಂಥ ಎಳೆ ಸೊಪ್ಪೇ ಇಷ್ಟ.

ಬೂದಿ ರೋಗ

ದ್ರಾಕ್ಷಿ ಬೆಳೆಯುವ ಚಿಕ್ಕಬಳ್ಳಾಪುರದವರಿಗೆ ಈ ಹೆಸರು ಹೊಸದಲ್ಲ. ಹಿಪ್ಪುನೇರಳೆ ಇರುವವರಿಗೂ ಗೊತ್ತು. ಎಲೆ ಮೇಲೆ ವಿಭೂತಿ ಉದುರಿದ ಹಾಗೆ ಬಿಳಿ ಪುಡಿ. ಬಹುವಾರ್ಷಿಕ ಫ್ಲಾಕ್ಸ್ ಬೆಳೆಯುವ ಕಡೆಯೆಲ್ಲ ಇದರ ನಂಬರ್ ಒನ್ ಕಾಯಿಲೆ ಇದೇ.

ಇಲ್ಲಿ ಎರಡು ತಪ್ಪು ತಿಳಿವಳಿಕೆ ಇದೆ. ದ್ರಾಕ್ಷಿ ತೋಟದಿಂದ ಹೂವಿನ ಗಿಡಕ್ಕೆ ಹಾರಿ ಬಂತು ಅನ್ನುತ್ತಾರೆ. ಇಲ್ಲ. ನೋಡಲು ಎಲ್ಲ ಒಂದೇ ಥರ ಕಂಡರೂ ದ್ರಾಕ್ಷಿಯ ಬೂದಿ ಶಿಲೀಂಧ್ರ ಬೇರೆ, ಹಿಪ್ಪುನೇರಳೆಯದು ಬೇರೆ, ಫ್ಲಾಕ್ಸ್‌ನದು ಬೇರೆ. ಒಂದರದು ಇನ್ನೊಂದಕ್ಕೆ ಹತ್ತುವುದಿಲ್ಲ. ಎರಡನೆಯದು, ಎಲೆ ಒದ್ದೆಯಾದರೆ ಬರುತ್ತದೆ ಅನ್ನೋದು. ಬಹಳ ಶಿಲೀಂಧ್ರಗಳಿಗೆ ಅದು ನಿಜ, ಬೂದಿಗೆ ಅಲ್ಲ. ಇದರ ಬೀಜಕಣ ಒಣ ಎಲೆಯ ಮೇಲೇ ಮೊಳೆಯುತ್ತದೆ. ಎಲೆ ಮೇಲೆ ನೀರು ನಿಂತರೆ ಅದಕ್ಕೇ ಕಷ್ಟ. ಅದಕ್ಕೆ ಬೇಕಾದ್ದು ತೇವದ ಗಾಳಿ, ಒಣ ಎಲೆ, ತಂಪು ರಾತ್ರಿ, ಬೆಚ್ಚಗಿನ ಹಗಲು. ನಮ್ಮ ಮಳೆಗಾಲ ಮುಗಿದ ಮೇಲಿನ ದಿನಗಳನ್ನು ಹೇಳಿ ಮಾಡಿಸಿದ ಹಾಗಿದೆ, ಅಲ್ವಾ?

ಔಷಧಿಗಿಂತ ಮೊದಲು ಕತ್ತರಿ ಹಿಡಿಯಿರಿ. ಒಂದು ಬುಡದಿಂದ ಹದಿನೈದು ಕಾಂಡ ಬಂದರೆ ಆಸೆಪಡಬೇಡಿ. ಗಟ್ಟಿಯಾದ ಐದಾರು ಉಳಿಸಿ, ಉಳಿದವನ್ನು ಬುಡಕ್ಕೇ ಕತ್ತರಿಸಿ. ನಡುವೆ ಗಾಳಿ ಆಡಬೇಕು. ಗೋಡೆಗೆ ಒತ್ತಿ ಇಟ್ಟ ಕುಂಡದಲ್ಲಿ ಗೋಡೆ ಕಡೆಯ ಎಲೆಗೇ ಮೊದಲು ಬೂದಿ ಬರುತ್ತದೆ, ಗಮನಿಸಿ ನೋಡಿ. ಅಂಥ ಎಲೆ ಕಂಡ ದಿನವೇ ಕಿತ್ತು ಮನೆಯಿಂದ ಆಚೆ ಹಾಕಿ.

ಹಾಲಿನ ಮದ್ದು ಸುಮ್ನೆ ಅಜ್ಜಿ ಮದ್ದು ಅಂದುಕೊಂಡಿದ್ದೆ. ಅಲ್ಲ. ಬ್ರೆಜಿಲ್‌ನಲ್ಲಿ ಕುಂಬಳ ಜಾತಿಯ ಗಿಡದ ಬೂದಿ ರೋಗಕ್ಕೆ ಹಾಲು ಸಿಂಪಡಿಸಿ ಪರೀಕ್ಷೆ ಮಾಡಿದ್ದಾರೆ, ಫಲ ಸಿಕ್ಕಿದೆ. ಒಂದು ಪಾಲು ಹಾಲು, ಒಂಬತ್ತು ಪಾಲು ನೀರು, ವಾರಕ್ಕೆ ಒಂದು ಸಲ, ಬೆಳಿಗ್ಗೆ ಬಿಸಿಲಿರುವಾಗ. ಬೂದಿ ಕಾಣುವ ಮೊದಲೇ ಶುರು ಮಾಡಬೇಕು. ಎಲೆ ಪೂರ್ತಿ ಬೆಳ್ಳಗಾದ ಮೇಲೆ ಹಾಲು ಹಾಕುವ ಬದಲು ಕಾಫಿ ಮಾಡಿ ಕುಡಿಯಿರಿ. ರೋಗ ಜೋರಾದರೆ ನೀರಿನಲ್ಲಿ ಕರಗುವ ಗಂಧಕ, ಲೀಟರಿಗೆ ಎರಡರಿಂದ ಮೂರು ಗ್ರಾಂ, ಸಂಜೆ ಹೊತ್ತು. ಬಿಸಿಲು 32 ಡಿಗ್ರಿ ದಾಟುವ ದಿನಗಳಲ್ಲಿ ಗಂಧಕ ಬೇಡ, ಎಲೆ ಸುಡುತ್ತದೆ. ಬೇವಿನ ಎಣ್ಣೆ ಹೊಡೆದಿದ್ದರೆ ಎರಡು ವಾರ ಬಿಟ್ಟು ಹೊಡೆಯಿರಿ.

ಬೇಸಿಗೆಯಲ್ಲಿ ಎಲೆ ತಾಮ್ರದ ಬಣ್ಣಕ್ಕೆ ತಿರುಗಿ, ಅಡಿಯಲ್ಲಿ ಸಣ್ಣ ಬಲೆ ಕಂಡರೆ ಅದು ನುಸಿ. ಎಲೆಯ ಅಡಿಭಾಗಕ್ಕೆ ಜೋರಾಗಿ ನೀರು ಹೊಡೆದರೆ ಅರ್ಧ ಹೋಗುತ್ತದೆ. ಕೀಟನಾಶಕಕ್ಕೆ ಕೈ ಹಾಕುವ ಮೊದಲು ಸುತ್ತ ನೋಡಿ. ಪಕ್ಕದಲ್ಲಿ ಹಿಪ್ಪುನೇರಳೆ ಇದ್ದರೆ, ಗಾಳಿಯಲ್ಲಿ ಹಾರಿದ ಹನಿ ಸೊಪ್ಪಿಗೆ ಬಿದ್ದು ಅವರ ರೇಷ್ಮೆ ಹುಳು ಸಾಯುತ್ತದೆ. ನಾಲ್ಕು ಹೂವಿಗೋಸ್ಕರ ಇನ್ನೊಬ್ಬರ ಬೆಳೆ ಹಾಳು ಮಾಡಬಾರದು.

ತಳಿ ಆರಿಸುವಾಗ ಬೂದಿ ರೋಗ ತಡೆಯುವಂಥದ್ದನ್ನೇ ಕೇಳಿ. ಬಿಳಿ ಹೂವಿನ ‘ಡೇವಿಡ್’ ಇದಕ್ಕೆ ಹೆಸರಾದದ್ದು. 2002ರಲ್ಲಿ ಅಮೆರಿಕದ ಬಹುವಾರ್ಷಿಕ ಸಸ್ಯ ಸಂಘ ಅದನ್ನು ವರ್ಷದ ಗಿಡ ಅಂತ ಆರಿಸಿತ್ತು. ಇನ್ನೊಂದು ‘ಜೀನಾ’. ಟೆನೆಸ್ಸಿಯ ನ್ಯಾಶ್‌ವಿಲ್ ಹತ್ತಿರ ಕಾಡಿನಲ್ಲಿ ಸಿಕ್ಕಿದ್ದು. ಹೂ ಚಿಕ್ಕವು, ಆದರೆ ಚಿಟ್ಟೆಗಳಿಗೆ ಪಂಚಪ್ರಾಣ.

ಒಂದರಿಂದ ನಾಲ್ಕು

ಮೂರು ನಾಲ್ಕು ವರ್ಷಕ್ಕೊಮ್ಮೆ ಬುಡ ಬಿಡಿಸಲೇಬೇಕು. ನಡುವೆ ಮರದ ಹಾಗೆ ಗಟ್ಟಿಯಾಗಿ, ಚಿಗುರೆಲ್ಲ ಅಂಚಿನಲ್ಲಿ ಬರತೊಡಗಿದರೆ ಹೊತ್ತಾಯಿತು ಅಂತ ಅರ್ಥ. ಕಿತ್ತು, ಹೊರಗಿನ ಹೊಸ ಭಾಗವನ್ನು ಮೂರು ನಾಲ್ಕು ಮೊಳಕೆ ಇರುವ ಹಾಗೆ ಕತ್ತರಿಸಿ ನೆಡಿ. ನಡುವಿನದು ಗೊಬ್ಬರದ ಗುಂಡಿಗೆ. ನಮ್ಮಲ್ಲಿ ಜೂನ್ ಮೊದಲ ಮಳೆ ಅಥವಾ ಅಕ್ಟೋಬರ್ ಒಳ್ಳೆಯ ಕಾಲ.

ಇನ್ನೊಂದು ಉಪಾಯ ನನಗೆ ಬಹಳ ಇಷ್ಟ. ಬೇರಿನ ತುಂಡು. ಫ್ಲಾಕ್ಸ್‌ಗೆ ಕಾಂಡದೊಳಗೆ ವಾಸ ಮಾಡುವ ಒಂದು ಜಂತುಹುಳು ಬರುತ್ತದೆ. ಕಾಂಡ ಊದಿ, ಎಳೆ ಎಲೆ ದಾರದ ಹಾಗೆ ಸೊರಗುತ್ತದೆ. ಅದಕ್ಕೆ ಮನೆಯಲ್ಲಿ ಮದ್ದಿಲ್ಲ. ಆದರೆ ಆ ಹುಳು ಇರುವುದು ಕಾಂಡ, ಎಲೆಯಲ್ಲಿ. ಬೇರಿನಲ್ಲಿ ಅಲ್ಲ. ಹಾಗಾಗಿ ಬೇರನ್ನು ತೊಳೆದು ಎರಡು ಇಂಚಿನ ತುಂಡು ಮಾಡಿ, ಮರಳು ಬೆರೆಸಿದ ಮಣ್ಣಿನಲ್ಲಿ ಅಡ್ಡ ಮಲಗಿಸಿ, ಅರ್ಧ ಇಂಚು ಮಣ್ಣು ಮುಚ್ಚಿದರೆ ರೋಗವಿಲ್ಲದ ಹೊಸ ಗಿಡ ಬರುತ್ತದೆ. ತಾಳ್ಮೆ ಬೇಕು, ಎರಡು ತಿಂಗಳಾದರೂ ಕಾಯಬೇಕು. ಬಿಳಿ ಅಂಚಿನ ಬಣ್ಣದೆಲೆಯ ತಳಿಗೆ ಮಾತ್ರ ಈ ಉಪಾಯ ಬೇಡ, ಮಕ್ಕಳೆಲ್ಲ ಬರೀ ಹಸಿರಾಗಿ ಹುಟ್ಟುತ್ತವೆ. ಆ ಗಿಡದ ಹೊರ ಪದರ, ಒಳ ಪದರ ಬೇರೆ ಬೇರೆ ಸ್ವಭಾವದವು. ಬೇರಿನ ತುಂಡಿನಿಂದ ಚಿಗುರುವುದು ಒಳ ಪದರ.

ಇಷ್ಟೆಲ್ಲ ಬೇಡ ಅನ್ನುವವರಿಗೆ

ಬಲ್ಬು, ಫ್ರಿಜ್ ಅಂತ ಓದಿ ಕೆಲವರು ಇಷ್ಟೊತ್ತಿಗೆ ನಕ್ಕಿರುತ್ತೀರಿ. ನಿಜ ಹೇಳಬೇಕು ಅಂದರೆ, ಫ್ಲಾಕ್ಸ್ ಹೂ ಬೇಕು ಅಷ್ಟೇ ಅನ್ನುವವರು ಡ್ರಮಂಡೈ ಹಾಕಿ. ಅದನ್ನು ಬಹುವಾರ್ಷಿಕ ಅಂತ ಸುಳ್ಳು ಹೇಳಿ ಮಾರಿದ್ದಕ್ಕೆ ನನಗೆ ಸಿಟ್ಟು ಬಂದಿತ್ತೇ ಹೊರತು ಗಿಡದ ಮೇಲೆ ಅಲ್ಲ. ನಮ್ಮ ಚಳಿಗಾಲ ಅದಕ್ಕೆ ಹಬ್ಬ. ಗಣೇಶನ ಹಬ್ಬದಿಂದ ದಸರಾ ನಡುವೆ ಬೀಜ ಹಾಕಿ. ಈ ಬೀಜಕ್ಕೆ ಮೊಳೆಯಲು ಕತ್ತಲು ಬೇಕು. ಮೇಲೆ ತೆಳುವಾಗಿ ಎರೆಗೊಬ್ಬರ ಉದುರಿಸಿ, ಟ್ರೇ ಮೇಲೆ ಗೋಣಿಚೀಲ ಮುಚ್ಚಿ. ಮೊಳಕೆ ಕಂಡ ದಿನವೇ ಚೀಲ ತೆಗೆಯಿರಿ, ಒಂದು ದಿನ ತಡವಾದರೂ ಸಸಿ ಬಿಳಿಚಿ ಉದ್ದವಾಗುತ್ತದೆ. ನಾಲ್ಕೆಲೆ ಇರುವಾಗಲೇ ಬೇರಿನ ಮಣ್ಣು ಕದಲದ ಹಾಗೆ ನೆಡಿ, ದೊಡ್ಡದಾದ ಮೇಲೆ ಕಿತ್ತರೆ ಮುನಿಸಿಕೊಳ್ಳುತ್ತದೆ. ತುದಿ ಒಮ್ಮೆ ಚಿವುಟಿ. ಮೊದಲ ಹೂ ಬಾಡಿದ ಮೇಲೆ ಇಡೀ ಗಿಡವನ್ನು ಅರ್ಧಕ್ಕೆ ಕತ್ತರಿಸಿ ಗೊಬ್ಬರದ ನೀರು ಕೊಟ್ಟರೆ ಇನ್ನೊಂದು ಸುತ್ತು ಹೂ ಕೊಡುತ್ತದೆ.

ವರ್ಷವಿಡೀ ಇರಬೇಕು, ಗೊಂಚಲು ಇರಬೇಕು, ಚಿಟ್ಟೆ ಬರಬೇಕು, ಬಲ್ಬು ಬೇಡ ಅಂದರೆ ಪೆಂಟಾಸ್ ಹಾಕಿ. ದೂರದಿಂದ ಫ್ಲಾಕ್ಸ್ ಹಾಗೇ ಕಾಣುತ್ತದೆ. ಆಫ್ರಿಕಾ, ಅರೇಬಿಯಾ ಕಡೆಯ ಗಿಡ, ನಮ್ಮ ಬಿಸಿಲಿಗೆ ಹೆದರುವುದಿಲ್ಲ. ನೀಲಿ ಬೇಕಾದವರಿಗೆ ಪ್ಲಂಬಾಗೊ ಇದ್ದೇ ಇದೆ. ಪರಿಮಳ ಮಾತ್ರ ಈ ಎರಡರಲ್ಲೂ ಸಿಗದು. ಫ್ಲಾಕ್ಸ್‌ನ ಪರಿಮಳ ಸಂಜೆ ಏಳರ ಮೇಲೆ, ಗಾಳಿ ನಿಂತಾಗ ತಿಳಿಯುತ್ತದೆ. ಜೇನಿಗೆ ಒಂದು ಲವಂಗ ಹಾಕಿಟ್ಟ ಹಾಗೆ. ಹೂವಿನ ಕೊಳವೆ ಉದ್ದ, ಸಣ್ಣ. ಉದ್ದ ನಾಲಿಗೆಯ ಪತಂಗಗಳು ಕತ್ತಲಾದ ಮೇಲೆ ಬಂದು ಗಾಳಿಯಲ್ಲೇ ನಿಂತು ಹೀರುತ್ತವೆ. ಗೇಟಿನ ಲೈಟ್ ಕೆಳಗೆ ಅದನ್ನು ನೋಡುತ್ತಾ ನಿಂತು ಒಂದು ದಿನ ಹಾಲು ಉಕ್ಕಿಸಿದ್ದೇನೆ.

ಅದೇ ಸೇವಂತಿಗೆ ರೈತರು ಮೊನ್ನೆ ಬಂದಾಗ ಗೊಂಚಲು ಪೂರ್ತಿ ಅರಳಿತ್ತು. ಒಂದು ಹೂ ಕಿತ್ತು ಅಂಗೈ ಮೇಲೆ ಇಟ್ಟುಕೊಂಡರು.

‘ಕಟ್ಟೋಕೆ ಆಗ್ತದಾಕ್ಕಾ?’

‘ಇಲ್ಲಣ್ಣ, ಕಿತ್ತ ಅರ್ಧ ಗಂಟೆಗೆ ಬಾಡುತ್ತೆ.’

‘ತೂಕಕ್ಕೂ ಬರಲ್ಲ, ಮಾರಿಗೂ ಬರಲ್ಲ. ಇದಕ್ಕೆ ಕರೆಂಟು ಬೇರೆ.’

ಹಾಗಂದವರು ಹೋಗುವಾಗ ಒಂದು ಚಿಗುರು ಕೇಳಿದರು. ಮೋಟಾರು ಮನೆ ಪಕ್ಕ ರಾತ್ರಿಯೆಲ್ಲ ಲೈಟ್ ಉರಿಯುವ ಜಾಗ ಇದೆಯಂತೆ. ಹೂ ಇಲ್ಲದ ಚಿಗುರು ನೋಡಿ, ಗಿಣ್ಣಿನ ಕೆಳಗೆ ಕತ್ತರಿಸಿ, ಒದ್ದೆ ಪೇಪರಿನಲ್ಲಿ ಸುತ್ತಿ ಕೊಟ್ಟೆ. ಖಾಲಿ ಸೇವಂತಿಗೆ ಬುಟ್ಟಿಯಲ್ಲಿಟ್ಟುಕೊಂಡು ಟಿವಿಎಸ್ ಹತ್ತಿ ಹೋದರು.